ಮನೆತನದ ಕಾಗದಗಳ ಸಾಕ್ಷ್ಯ: ಲೋಕಾಪುರ–ಮುಧೋಳ ಸೀಮೆಯನ್ನು ಕುರಿತು ಒಂದು ವಿಚಾರ

ತಾಡವಾಲೆಯ ಗ್ರಂಥಗಳನ್ನು ಅರಸಿ ಹಳೆಯ ಮನೆಗಳಿಗೆ ಹೋಗುವವರಿಗೆ ಒಂದು ಸಂಗತಿ ವಿದಿತವೇ ಇದೆ. ಗ್ರಂಥವಿರುವ ಪೆಟ್ಟಿಗೆಯಲ್ಲಿಯೇ, ಅದರ ಮಗ್ಗುಲಲ್ಲಿ, ಅರಿವೆಯಲ್ಲಿ ಬಿಗಿದು ಕಟ್ಟಿದ ಕಾಗದಗಳ ಗಂಟೊಂದು ಇರುತ್ತದೆ. ಉತ್ತರ ಕರ್ನಾಟಕದಲ್ಲಿ ಇದನ್ನು ರುಮಾಲು ಎನ್ನುತ್ತಾರೆ. ಗ್ರಂಥವನ್ನು ಹೊರತೆಗೆದು, ಗರಿಗಳನ್ನು ಎಣಿಸಿ, ಆದ್ಯಂತ ಪದ್ಯಗಳನ್ನು ಬರೆದುಕೊಂಡು, ರುಮಾಲನ್ನು ಬಿಚ್ಚದೆಯೇ ಮತ್ತೆ ಪೆಟ್ಟಿಗೆಯಲ್ಲಿ ಇಡುವುದು ಗ್ರಂಥಶೋಧಕರ ಸಾಮಾನ್ಯ ರೂಢಿ. ಗ್ರಂಥವು ಶ್ರುತ, ಪೂಜ್ಯ. ಕಾಗದವಾದರೋ ಲೌಕಿಕ ವ್ಯವಹಾರ ಎಂಬ ಭಾವನೆ ಇದಕ್ಕೆ ಕಾರಣ. ಈ ಭೇದವು ಇತಿಹಾಸದ ದೃಷ್ಟಿಯಿಂದ ಎಷ್ಟು ಸರಿ, ರುಮಾಲಿನೊಳಗಿನ ಕಾಗದಗಳಲ್ಲಿ ಯಾವುದನ್ನು ಎಷ್ಟರಮಟ್ಟಿಗೆ ನಂಬಬಹುದು, ಅವುಗಳ ಗತಿ ಈಗ ಏನಾಗುತ್ತಿದೆ ಎಂಬುದನ್ನು ವಿಚಾರಿಸುವುದು ಪ್ರಕೃತ ಲೇಖನದ ಉದ್ದೇಶ. ಉದಾಹರಣೆಗಾಗಿ ಲೋಕಾಪುರದ ಸುತ್ತಲಿನ ಸೀಮೆಯನ್ನು ಆರಿಸಿಕೊಂಡಿದೆ. ಮನೆತನದ ಕಾಗದಗಳ ಮಹಿಮೆ, ಮಿತಿ ಎರಡನ್ನೂ ಇಷ್ಟು ಸ್ಪಷ್ಟವಾಗಿ ತೋರಿಸುವ ಸೀಮೆಗಳು ಕನ್ನಡನಾಡಿನಲ್ಲಿ ವಿರಳ.

ಗ್ರಂಥದೊಳಗಿನ ಮನೆತನ

ಮೊದಲನೆಯದಾಗಿ, ಗ್ರಂಥ ಬೇರೆ, ಮನೆಯ ದಾಖಲೆ ಬೇರೆ ಎಂಬ ಮಾತು ನಮ್ಮ ಪರಂಪರೆಯಲ್ಲಿಯೇ ನಿಲ್ಲುವುದಿಲ್ಲ. ಮುದುವೊಳಲು, ಎಂದರೆ ಇಂದಿನ ಮುಧೋಳ, ರನ್ನಕವಿಯ ಜನ್ಮಸ್ಥಳ. 993ರಲ್ಲಿ ಮುಗಿದ ತನ್ನ ಅಜಿತಪುರಾಣದಲ್ಲಿ ಅವನು ತನ್ನ ಊರನ್ನು, ತಂದೆ ಜಿನವಲ್ಲಭನನ್ನು, ತಾಯಿ ಅಬ್ಬಲಬ್ಬೆಯನ್ನು, ತಾನು ಹುಟ್ಟಿದ ಬಳೆಗಾರ ಕುಲವನ್ನು ಹೇಳಿಕೊಂಡಿದ್ದಾನೆ. ಮಗನಿಗೆ ರಾಯನೆಂದೂ ಮಗಳಿಗೆ ಅತ್ತಿಮಬ್ಬೆಯೆಂದೂ ತನ್ನ ಆಶ್ರಯದಾತರ ಹೆಸರುಗಳನ್ನೇ ಇಟ್ಟದ್ದನ್ನೂ ತಿಳಿಸಿದ್ದಾನೆ. ಈ ಸೀಮೆಯ ಒಂದು ಬಳೆಗಾರ ಕುಟುಂಬದ ಬಗೆಗೆ ಸಾವಿರ ವರ್ಷಗಳಾಚೆಯಿಂದ ನಮಗೆ ಬಂದಿರುವ ಮಾಹಿತಿ ಶಾಸನದಲ್ಲಿ ಬಂದುದಲ್ಲ, ಅರಮನೆಯ ದಫ್ತರದಲ್ಲಿ ಬಂದುದಲ್ಲ. ತೀರ್ಥಂಕರ ಚರಿತೆಯೊಂದರ ಓಲೆಗರಿಗಳಲ್ಲಿ ಬಂದುದು.

ಪುಷ್ಪಿಕೆಗಳ ಮಾತೂ ಹೀಗೆಯೇ. ಮೂಡಬಿದಿರೆಯ ಸಿದ್ಧಾಂತ ಬಸದಿಯಲ್ಲಿ ರಕ್ಷಿತವಾಗಿ ಬಂದ ಮಹಾಬಂಧದ ಪ್ರತಿಯನ್ನು ಮಲ್ಲಿಕಬ್ಬೆಯೆಂಬ ರಾಣಿಯು ಶ್ರೀಪಂಚಮಿ ನೋಂಪಿಯ ಉದ್ಯಾಪನೆಗಾಗಿ ಬರೆಯಿಸಿ ಮಾಘನಂದಿ ಮುನಿಗಳಿಗೆ ಒಪ್ಪಿಸಿದಳೆಂದು ಅದರ ಪ್ರಶಸ್ತಿಯಿಂದಲೇ ತಿಳಿದುಬರುತ್ತದೆ. ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಸುಪ್ರಸಿದ್ಧ. ಯಾರು ಬರೆಯಿಸಿದರು, ಯಾವ ನಿಮಿತ್ತ, ಯಾರಿಗೆ ಕೊಟ್ಟರು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ಕೊಡುವ ಪುಷ್ಪಿಕೆಯು, ಸ್ವರೂಪದಲ್ಲಿ ಒಂದು ದಾನಪತ್ರವೇ ಆಗಿದೆ. ಗ್ರಂಥಸಂಪಾದನೆಯಲ್ಲಿ ನಾವು ಕಲಿತ ಈ ಮೂರು ಪ್ರಶ್ನೆಗಳನ್ನು ರುಮಾಲಿನ ಕಾಗದಗಳಿಗೂ ಕೇಳಿದರೆ ಅವು ಉತ್ತರ ಕೊಡುತ್ತವೆ. ಅವುಗಳ ಜೊತೆಗೆ ನಾಲ್ಕನೆಯದೊಂದು ಪ್ರಶ್ನೆಯನ್ನು ಸೇರಿಸಿಕೊಳ್ಳಬೇಕು: ಈ ಕಾಗದವನ್ನು ಇಷ್ಟು ಕಾಲ ಏಕೆ ಇಟ್ಟುಕೊಂಡರು?

ಒಂದು ಸೀಮೆ, ಹಲವು ದಫ್ತರಗಳು

ಲೋಕಾಪುರವು ಇಂದು ಬಾಗಲಕೋಟೆ ಜಿಲ್ಲೆಯ ಮುಧೋಳ ತಾಲೂಕಿನಲ್ಲಿದೆ. 1997ಕ್ಕೆ ಮೊದಲು ಈ ಪ್ರದೇಶವೆಲ್ಲ ವಿಜಾಪುರ ಜಿಲ್ಲೆಗೆ ಸೇರಿತ್ತು. ಆದರೆ 1948ಕ್ಕೆ ಹಿಂದೆ ಹೋದೊಡನೆ ಚಿತ್ರವು ಜಟಿಲವಾಗುತ್ತದೆ. ಮುಧೋಳದಲ್ಲಿ ಘೋರ್ಪಡೆಯವರ ಸಂಸ್ಥಾನ. ಜಮಖಂಡಿಯಲ್ಲಿ ಪಟವರ್ಧನರ ಒಂದು ಶಾಖೆ. ತೇರದಾಳ, ರಬಕವಿಗಳು ಪಟವರ್ಧನರ ಇನ್ನೊಂದು ಶಾಖೆಯಾದ ಸಾಂಗಲಿಗೆ. ರಬಕವಿಗೆ ಅಂಟಿಕೊಂಡಂತಿರುವ ಬನಹಟ್ಟಿ ಜಮಖಂಡಿಗೆ. ದಕ್ಷಿಣಕ್ಕೆ ಭಾವೆಯವರ ರಾಮದುರ್ಗ. ಪೂರ್ವಕ್ಕೆ ಹತ್ತಿರದಲ್ಲಿಯೇ ಬ್ರಿಟಿಷರ ನೇರ ಆಡಳಿತದ ಕಲಾದಗಿ. ಈ ಕಲಾದಗಿಯೇ 1864ರಿಂದ 1885ರವರೆಗೆ ಜಿಲ್ಲೆಯ ಮುಖ್ಯಸ್ಥಳವಾಗಿದ್ದು, ಅನಂತರ ಆ ಸ್ಥಾನ ವಿಜಾಪುರಕ್ಕೆ ಹೋಯಿತು. ಹೀಗಾಗಿ ಒಂದು ದಿನದ ನಡಿಗೆಯಲ್ಲಿ ಮೂರು ನಾಲ್ಕು ಸರಕಾರಗಳ ಗಡಿ ದಾಟಬೇಕಾಗುತ್ತಿತ್ತು.

ಇದರ ಪರಿಣಾಮವು ದಾಖಲೆಗಳ ಮೇಲೆ ಆಗದಿರಲಿಲ್ಲ. ನೇಕಾರಿಕೆಯ ಒಂದು ಮನೆತನ ರಬಕವಿಯಲ್ಲಿದ್ದು ಬೀಗರು ಬನಹಟ್ಟಿಯಲ್ಲಿದ್ದರೆ, ಒಬ್ಬರ ತಕರಾರು ಸಾಂಗಲಿಯ ದಫ್ತರಕ್ಕೆ, ಇನ್ನೊಬ್ಬರದು ಜಮಖಂಡಿಯ ದಫ್ತರಕ್ಕೆ ಹೋಗುವುದು. ಸಂಸ್ಥಾನಗಳ ಮೇಲ್ವಿಚಾರಣೆಯ ಪತ್ರವ್ಯವಹಾರ ದಕ್ಷಿಣ ಮರಾಠಾ ಪ್ರಾಂತದ ಪೊಲಿಟಿಕಲ್ ಏಜೆಂಟನ ಕಚೇರಿಯಲ್ಲಿ ನಡೆಯಿತು. ಪೇಶ್ವೆಯವರ ಕಾಲದ ದಾಖಲೆಗಳು ಪುಣೆಯ ದಫ್ತರದಲ್ಲಿ ಉಳಿದವು. ಮುಂಬಯಿ ಸರಕಾರದವು ಮುಂಬಯಿಯ ಪತ್ರಾಗಾರದಲ್ಲಿ. 1948ರ ಮಾರ್ಚ್ ತಿಂಗಳಲ್ಲಿ ಮುಧೋಳ ಮೊದಲಾದ ಸಂಸ್ಥಾನಗಳು ಮುಂಬಯಿ ಪ್ರಾಂತದಲ್ಲಿ ವಿಲೀನವಾದವು. 1956ರ ನವೆಂಬರ್ 1ರಂದು ಈ ಜಿಲ್ಲೆ ಮೈಸೂರು ರಾಜ್ಯಕ್ಕೆ ಬಂದಿತು. ಜನ ಬಂದರು, ಭೂಮಿ ಬಂದಿತು. ಹಳೆಯ ದಫ್ತರಗಳಲ್ಲಿ ಬಹುಭಾಗ ಹಿಂದೆಯೇ ಉಳಿಯಿತು. ಕರ್ನಾಟಕದಲ್ಲಿ ರಾಜ್ಯ ಪತ್ರಾಗಾರ ಇಲಾಖೆ ಪ್ರತ್ಯೇಕವಾಗಿ ಸ್ಥಾಪಿತವಾದುದು 1973ರಲ್ಲಿ. ಆದ್ದರಿಂದ ಈ ಸೀಮೆಯ ಒಂದು ಸಾಧಾರಣ ಮನೆತನದ ಚರಿತ್ರೆ ಬರೆಯಲು ಹೊರಟವನು ಬೆಂಗಳೂರು, ಧಾರವಾಡ, ಪುಣೆ, ಕೊಲ್ಲಾಪುರ, ಮುಂಬಯಿಗಳನ್ನು ಸುತ್ತಬೇಕು. ಈ ಎಲ್ಲ ದಫ್ತರಗಳಿಗೆ ಹೋದ ಅರ್ಜಿಗಳ ನಕಲು, ಅಲ್ಲಿಂದ ಬಂದ ಹುಕುಮು ಒಂದೇ ಕಡೆ ಕೂಡಿರುವ ಸ್ಥಳವೆಂದರೆ ಆ ಮನೆಯ ರುಮಾಲು. ಇದು ಅದರ ಮೊದಲನೆಯ ಮಹತ್ತ್ವ.

ರುಮಾಲಿನೊಳಗೆ ಏನಿರುತ್ತದೆ

ದೇಸಾಯಿ, ನಾಡಗೌಡ, ದೇಶಪಾಂಡೆ, ಕುಲಕರ್ಣಿ, ಪಾಟೀಲ, ಶೆಟ್ಟಿ ಮನೆತನಗಳ ಗಂಟುಗಳಲ್ಲಿ ಸಿಗುವ ಕಾಗದಗಳನ್ನು ಸ್ಥೂಲವಾಗಿ ಎರಡು ವರ್ಗ ಮಾಡಬಹುದು. ಹಕ್ಕನ್ನು ಸ್ಥಾಪಿಸುವ ಪತ್ರಗಳು ಒಂದು ವರ್ಗ. ಫರ್ಮಾನು, ಸನದು, ಕೌಲು, ಮಹಜರು, ದತ್ತಕಪತ್ರ, ವಾಟಣಿಪತ್ರ, ವಂಶಾವಳಿ ಇವೆಲ್ಲ ಇದರಲ್ಲಿ ಬರುತ್ತವೆ. ನಿತ್ಯವ್ಯವಹಾರದ ಪತ್ರಗಳು ಇನ್ನೊಂದು ವರ್ಗ. ದಿನದಿನದ ಕೀರ್ದಿ, ಖಾತೆಪುಸ್ತಕ, ಗೇಣಿಯ ಪಾವತಿ, ಹಗೇವಿನಿಂದ ತೆಗೆದ ಜೋಳದ ಲೆಕ್ಕ, ಮದುವೆಯ ಉಡುಗೊರೆಯ ಯಾದಿ, ಬೀಗರ ಕಾಗದ, ಔಷಧಿಯ ಪಾಠ, ಜಾತಕ ಇವು ಅದರಲ್ಲಿ ಸೇರುತ್ತವೆ. ಮೊದಲನೆಯದನ್ನು ಹಕ್ಕಿನ ಪತ್ರವೆಂದೂ ಎರಡನೆಯದನ್ನು ಲೆಕ್ಕದ ಪತ್ರವೆಂದೂ ಅನುಕೂಲಕ್ಕಾಗಿ ಕರೆಯೋಣ.

ಇವುಗಳ ಲಿಪಿ, ಭಾಷೆ ಒಂದೇ ಅಲ್ಲ. ಆದಿಲಶಾಹಿಯ ಪತ್ರಗಳು ಪಾರಸಿಯಲ್ಲಿ. ಮರಾಠಾ ಕಾಲದವು ಮೋಡಿ ಲಿಪಿಯ ಮರಾಠಿಯಲ್ಲಿ. ಮನೆಯ ಲೆಕ್ಕ ಕೆಲವೊಮ್ಮೆ ಕನ್ನಡದಲ್ಲಿ, ಕೆಲವೊಮ್ಮೆ ಮೋಡಿಯಲ್ಲಿ. ಅರಿವೆಗೆ ಹುಣಿಸೆಬೀಜದ ಸರಿ, ಇದ್ದಿಲ ಪುಡಿ ಬಳಿದು ಮಡಿಚಿ, ಬಳಪದಿಂದ ಬರೆಯುತ್ತಿದ್ದ ಕಡತಗಳೂ ನಮ್ಮ ನಾಡಿನಲ್ಲಿ ಲೆಕ್ಕಕ್ಕೆ ಬಳಕೆಯಲ್ಲಿದ್ದವು. ಶೃಂಗೇರಿ ಮಠದ ಕಡತಗಳು ವಿದ್ವಾಂಸರಿಗೆ ಪರಿಚಿತವೇ ಆಗಿವೆ. ಮಹಜರುಗಳ ಕೊನೆಯಲ್ಲಿ ಅಕ್ಷರ ಬಾರದ ರೈತನು ರುಜುವಿನ ಬದಲು ನೇಗಿಲಿನ ಗುರುತು ಹಾಕಿಸುವುದುಂಟು. ಬರೆದವನು ಬೇರೆ, ಸಾಕ್ಷಿಯಾದವನು ಬೇರೆ ಎಂಬುದನ್ನು ಆ ಚಿಕ್ಕ ಗೆರೆಗಳು ತಿಳಿಸುತ್ತವೆ.

ಕಾಲನಿರ್ಣಯದಲ್ಲಿ ವಿಶೇಷ ಜಾಗರೂಕತೆ ಬೇಕು. ಒಂದೇ ಗಂಟಿನಲ್ಲಿ ಶಾಲಿವಾಹನ ಶಕ, ಹಿಜರಿ, ಫಸಲಿ, ಶುಹೂರ ಸನ್ ನಾಲ್ಕೂ ಕಾಣಿಸಿಕೊಳ್ಳಬಹುದು. ಶಕಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ಬರುತ್ತದೆ. ಹಿಜರಿಯು ಚಾಂದ್ರಮಾನದ್ದಾದುದರಿಂದ ಅದರ ವರ್ಷಕ್ಕೆ ಸುಮಾರು 354 ದಿನಗಳು. ಒಂದೇ ಸಂಖ್ಯೆಯನ್ನು ಕೂಡಿಸಿ ಲೆಕ್ಕ ಮಾಡಲಾಗದು. ಶುಹೂರ ಸನ್ 1344ರಲ್ಲಿ ಹಿಜರಿ 745ರ ಅಂಕಿಯಿಂದಲೇ ಆರಂಭವಾಗಿ, ಅಲ್ಲಿಂದ ಸೌರಮಾನದಲ್ಲಿ ನಡೆಯಿತು. ಮೃಗಶಿರಾ ಮಳೆಯ ಹೊತ್ತಿಗೆ ಹೊಸ ವರ್ಷ. 599 ಅಥವಾ 600 ಕೂಡಿಸಬೇಕು. ಇದರ ಅಂಕಿಗಳನ್ನು ಅರಬ್ಬಿ ಶಬ್ದಗಳಲ್ಲಿ, ಬಿಡಿ, ಹತ್ತು, ಸಾವಿರ ಎಂಬ ಕ್ರಮದಲ್ಲಿ ಬರೆಯುತ್ತಿದ್ದರು. ‘ಸಬಾ ಸಬೈನ್ ವ ಅಲಫ್’ ಎಂದರೆ ಏಳು, ಎಪ್ಪತ್ತು, ಸಾವಿರ, ಎಂದರೆ 1077. ಇದನ್ನು ಶುಹೂರವೆಂದು ತಿಳಿದರೆ 1676–77 ಆಗುತ್ತದೆ. ಹಿಜರಿಯೆಂದು ತಿಳಿದರೆ 1666–67. ಒಂದೇ ಅಂಕಿಗೆ ಹತ್ತು ವರ್ಷಗಳ ಅಂತರ. ದಕ್ಷಿಣದ ಇತಿಹಾಸದಲ್ಲಿ ಹತ್ತು ವರ್ಷವೆಂದರೆ ಒಂದು ರಾಜ್ಯ ಹೋಗಿ ಇನ್ನೊಂದು ಬರುವಷ್ಟು ಕಾಲ.

ಮುಧೋಳದ ಫರ್ಮಾನುಗಳು

ಹಕ್ಕಿನ ಪತ್ರಗಳ ಬಲಾಬಲವನ್ನು ಅರಿಯಲು ಈ ಸೀಮೆಯಲ್ಲಿಯೇ ಒಂದು ಪ್ರಸಿದ್ಧ ನಿದರ್ಶನವಿದೆ. ಮುಧೋಳದ ಘೋರ್ಪಡೆ ಮನೆತನವು ತನ್ನ ಸಂಗ್ರಹದಲ್ಲಿ ಬಹಮನಿ, ಆದಿಲಶಾಹಿ ಕಾಲದ ಪಾರಸಿ ಫರ್ಮಾನುಗಳ ಒಂದು ಮಾಲೆಯನ್ನು ಕಾಪಾಡಿಕೊಂಡು ಬಂದಿತ್ತು. ಡಾ. ಬಾಳಕೃಷ್ಣರು 1932ರಲ್ಲಿ ಪ್ರಕಟವಾದ ತಮ್ಮ ಶಿವಾಜಿ ಚರಿತ್ರೆಯಲ್ಲಿ ಇವುಗಳನ್ನು ಆಧಾರವಾಗಿ ಬಳಸಿದರು. 1934ರಲ್ಲಿ ದತ್ತಾತ್ರೇಯ ವಿಷ್ಣು ಆಪಟೆಯವರು ಮುಧೋಳದ ಘೋರ್ಪಡೆ ಮನೆತನದ ಇತಿಹಾಸವನ್ನು ಮರಾಠಿಯಲ್ಲಿ ಬರೆದು ಇವುಗಳನ್ನು ವಿಸ್ತಾರವಾಗಿ ಬೆಳಕಿಗೆ ತಂದರು.

ಮಾಲೆಯ ಮೊದಲ ಫರ್ಮಾನು ಹಿಜರಿ 753, ಎಂದರೆ 1352ರದು. ಬಹಮನಿ ರಾಜ್ಯದ ಸ್ಥಾಪಕ ಹಸನ್ ಬಹಮನ್ ಶಾಹನು ಚಿತ್ತೋಡದ ಸಿಸೋದಿಯ ವಂಶದ ದಿಲೀಪಸಿಂಹನಿಗೆ ಹಳ್ಳಿಗಳನ್ನು ಕೊಟ್ಟನೆಂದು ಅದು ಹೇಳುತ್ತದೆ. ಹಿಜರಿ 800, ಎಂದರೆ 1398ರ ಫಿರೋಜಶಾಹನ ಫರ್ಮಾನು ಮುಧೋಳವನ್ನೂ ಅದರ ಸುತ್ತಲಿನ 84 ಹಳ್ಳಿಗಳನ್ನೂ ಹೇಳುತ್ತದೆ. ಹಿಜರಿ 876, ಎಂದರೆ 1471ರದು ಎಲ್ಲಕ್ಕಿಂತ ಕುತೂಹಲಕರ. ಮಹಮೂದ ಗವಾನನ ದಂಡಯಾತ್ರೆಯಲ್ಲಿ ಖೇಳಣಾ ಕೋಟೆಯನ್ನು, ಎಂದರೆ ಇಂದಿನ ವಿಶಾಳಗಡವನ್ನು, ಕರ್ಣಸಿಂಹನೂ ಅವನ ಮಗ ಭೀಮಸಿಂಹನೂ ಉಡಗಳ ಸೊಂಟಕ್ಕೆ ಹಗ್ಗ ಕಟ್ಟಿ ಏರಿದರು, ತಂದೆ ಮಡಿದನು, ಮಗನಿಗೆ ‘ರಾಜಾ ಘೋರ್ಪಡೆ ಬಹಾದ್ದೂರ್’ ಎಂಬ ಬಿರುದು ದೊರೆಯಿತು. ಮರಾಠಿಯಲ್ಲಿ ಘೋರಪಡವೆಂದರೆ ಉಡ. ಹೆಸರಿಗೆ ಕಥೆಯೋ, ಕಥೆಗೆ ಹೆಸರೋ ಎಂಬ ಪ್ರಶ್ನೆ ಇಲ್ಲಿ ಸಹಜವಾಗಿ ಏಳುತ್ತದೆ. 1670ರಲ್ಲಿ ತಾನಾಜಿ ಮಾಲುಸರೆಯು ಕೊಂಡಾಣಾ ಕೋಟೆಯನ್ನು ಏರಿದ ಪ್ರಸಂಗದಲ್ಲಿಯೂ ಜನಪದರು ಉಡದ ಕಥೆಯನ್ನೇ ಹೇಳುತ್ತಾರೆ. ಎರಡು ಶತಮಾನಗಳ ಅಂತರದ ಎರಡು ಕೋಟೆಗಳಿಗೆ ಒಂದೇ ಪ್ರಾಣಿ ಏರಿದೆ.

ಈ ಫರ್ಮಾನುಗಳು ಒಂದು ಮನೆತನದ ಪ್ರತಿಷ್ಠೆಗೆ ಮಾತ್ರ ಸಂಬಂಧಿಸಿದವಾಗಿದ್ದರೆ ವಿವಾದ ಮುಧೋಳದ ಎಲ್ಲೆಯನ್ನು ದಾಟುತ್ತಿರಲಿಲ್ಲ. ಭೋಸಲೆ, ಘೋರ್ಪಡೆ ವಂಶಗಳೆರಡೂ ಒಂದೇ ಮೂಲದವೆಂಬ ನಂಬಿಕೆಯಿಂದಾಗಿ, 1674ರ ಪಟ್ಟಾಭಿಷೇಕದ ಹೊತ್ತಿಗೆ ಎದ್ದ ಶಿವಾಜಿಯ ಕ್ಷತ್ರಿಯತ್ವದ ಪ್ರಶ್ನೆಗೂ ಇವು ಉತ್ತರವಾಗಿ ನಿಂತವು. ಆದ್ದರಿಂದಲೇ ಕೆಲವು ವಿದ್ವಾಂಸರು ಇವನ್ನು ಸಂತೋಷದಿಂದ ಸ್ವೀಕರಿಸಿದರು. ಕೆಲವರು, ವಿಶೇಷವಾಗಿ ಬಹಮನಿ ಕಾಲದ ಆರಂಭದ ಫರ್ಮಾನುಗಳನ್ನು, ನಂಬಲರ್ಹವಲ್ಲವೆಂದು ಬದಿಗಿಟ್ಟರು.

ಈ ವಿವಾದದ ತೀರ್ಪು ಕೊಡುವುದು ನಮ್ಮ ಉದ್ದೇಶವಲ್ಲ. ಅದರಿಂದ ದೊರೆಯುವ ನ್ಯಾಯವನ್ನು ಮಾತ್ರ ಗಮನಿಸೋಣ. ಹಕ್ಕಿನ ಪತ್ರವನ್ನು ಮನೆತನವು ಕಾಪಾಡುವುದು ಅದರಿಂದ ಪ್ರಯೋಜನವಿದೆಯೆಂದು. ಆ ಪ್ರಯೋಜನವೇ ಅದರ ಆಯುಷ್ಯ, ಅದೇ ಅದರ ಮೇಲಣ ಸಂಶಯಕ್ಕೂ ಬೀಜ. ಮೂಲಪತ್ರ ಜೀರ್ಣವಾದಾಗ ನಕಲು ಮಾಡಿಸುವುದು ಅನಿವಾರ್ಯ. ನಕಲು ಮಾಡುವವನು ಅಳಿಸಿದ ಜಾಗವನ್ನು ತನಗೆ ತಿಳಿದಂತೆ ತುಂಬುತ್ತಾನೆ. ಇದು ಗ್ರಂಥಲಿಪಿಕಾರರಲ್ಲಿಯೂ ನಾವು ಕಾಣುವ ಸ್ವಭಾವ. ವ್ಯತ್ಯಾಸವೆಂದರೆ ಪುರಾಣದ ಲಿಪಿಕಾರನಿಗೆ ಪದ್ಯದ ಛಂದಸ್ಸು ಕಡಿವಾಣವಾಗಿರುತ್ತದೆ. ಸನದಿನ ನಕಲುಗಾರನಿಗೆ ಯಜಮಾನನ ಬೇಡಿಕೆಯೇ ಛಂದಸ್ಸು. ಆದುದರಿಂದ ಇಂಥ ಪತ್ರಗಳಲ್ಲಿ ಮುದ್ರೆ, ತಾರೀಖು, ಕಾಗದ, ಶೈಲಿ, ಸಮಕಾಲೀನ ಚರಿತ್ರಕಾರರ ಹೇಳಿಕೆ ಇವೆಲ್ಲವನ್ನೂ ಒಂದೊಂದಾಗಿ ತಾಳೆ ನೋಡಬೇಕು. ಒಂದು ಪತ್ರ ಕೃತಕವೆಂದು ಕಂಡರೂ ಅದನ್ನು ಎಸೆಯಬೇಕಾಗಿಲ್ಲ. 14ನೆಯ ಶತಮಾನಕ್ಕೆ ಅದು ಸಾಕ್ಷಿಯಾಗದಿದ್ದರೆ, ಅದನ್ನು ಸಿದ್ಧಗೊಳಿಸಿದ ಶತಮಾನದ ಆಶೆ, ಆತಂಕಗಳಿಗೆ ಸಾಕ್ಷಿಯಾಗುತ್ತದೆ. ಪ್ರಮಾಣವು ಯಾವ ನಯದಿಂದ ಪ್ರಮಾಣ ಎಂದು ಕೇಳುವುದು ನಮಗೆ ಹೊಸದಲ್ಲ.

ಇದಕ್ಕೆ ಪ್ರತಿಯಾಗಿ ಅದೇ ಮನೆತನಕ್ಕೆ ಸಂಬಂಧಿಸಿದ ಬೇರೊಂದು ಪತ್ರವನ್ನು ನೋಡಬಹುದು. 1648ರಲ್ಲಿ ಜಿಂಜಿಯ ಹತ್ತಿರದ ಪಾಳೆಯದಲ್ಲಿ ಶಹಾಜಿಯನ್ನು ಸೆರೆಹಿಡಿಯುವಲ್ಲಿ ಮುಧೋಳದ ಬಾಜಿ ಘೋರ್ಪಡೆಯ ಪಾತ್ರವಿತ್ತು. 1664ರಲ್ಲಿ ಶಿವಾಜಿಯ ದಾಳಿಯಲ್ಲಿ ಬಾಜಿಯು ಹತನಾದನು. ಕರ್ನಾಟಕದ ದಂಡಯಾತ್ರೆಯ ಕಾಲದಲ್ಲಿ, 1677ರಲ್ಲಿ, ಶಿವಾಜಿಯು ಬಾಜಿಯ ಮಗ ಮಾಲೋಜಿಗೆ ಮರಾಠಿಯಲ್ಲಿ ಪತ್ರ ಬರೆದು, ಎರಡು ಮನೆಗಳ ಹಳೆಯ ಹಗೆಯನ್ನು ನೆನೆದು, ಅದನ್ನು ಮರೆತು ಕುತುಬಶಾಹನ ಪಕ್ಷಕ್ಕೆ ಬರುವಂತೆ ಕರೆದನು. ಈ ಪತ್ರ ವಂಶದ ಹಿರಿಮೆಯನ್ನು ಸ್ಥಾಪಿಸಲು ಹುಟ್ಟಿದುದಲ್ಲ. ಅಂದಿನ ಒಂದು ಕೆಲಸಕ್ಕಾಗಿ ಹುಟ್ಟಿದುದು. ತಂದೆಯ ಸಾವಿನ ನೆನಪನ್ನು ಮಗನ ಮುಂದೆಯೇ ಎತ್ತುವ ಇಂಥ ಪತ್ರದಲ್ಲಿ ಯಾರ ಬಡಾಯಿಗೂ ಸ್ಥಳವಿಲ್ಲ. ತನ್ನ ಪ್ರಯೋಜನಕ್ಕೆ ವಿರುದ್ಧವಾಗಿ ಹೇಳುವ ಮಾತಿಗೆ ತೂಕ ಹೆಚ್ಚು ಎಂಬುದು ಲೋಕನ್ಯಾಯ, ಇತಿಹಾಸದ ನ್ಯಾಯವೂ ಹೌದು.

ಕಾಯದೆ, ಕಾಗದ

ಮನೆಗಳಲ್ಲಿ ಕಾಗದ ಉಳಿದುದಕ್ಕೂ ಅಳಿದುದಕ್ಕೂ ಕಾಯದೆಯೇ ಮುಖ್ಯ ಕಾರಣವಾಗಿದೆ. 1818ರಲ್ಲಿ ಪೇಶ್ವೆಯ ಆಳ್ವಿಕೆ ಕೊನೆಗೊಂಡಮೇಲೆ ಕಂಪನಿ ಸರಕಾರಕ್ಕೆ ಇನಾಮು ಭೂಮಿಗಳ ವಿಚಾರ ತಲೆನೋವಾಯಿತು. 1843ರಲ್ಲಿ ದಕ್ಷಿಣ ಮರಾಠಾ ಪ್ರಾಂತದಲ್ಲಿ ಇನಾಮುಗಳ ತನಿಖೆ ಆರಂಭವಾಗಿ, 1852ರ 11ನೆಯ ಕಾಯದೆಯಿಂದ ಇನಾಮ್ ಕಮಿಷನ್ನಿಗೆ ಶಾಸನದ ಬಲ ದೊರೆಯಿತು. ಬ್ರಿಟಿಷ್ ಜಿಲ್ಲೆಗಳಲ್ಲಿ ಇನಾಮುದಾರನು ತನ್ನ ಭೂಮಿಯನ್ನು ಉಳಿಸಿಕೊಳ್ಳಲು ಪತ್ರ ತೋರಿಸಬೇಕಾಯಿತು. ತಲೆಮಾರುಗಳಿಂದ ಉಳುತ್ತ, ಉಣ್ಣುತ್ತ ಬಂದ ಅನುಭವಕ್ಕಿಂತ ಹಾಳೆಯ ಮೇಲಣ ಮುದ್ರೆ ಹೆಚ್ಚಿನ ಪ್ರಮಾಣವಾಯಿತು. ಅಂದಿನಿಂದ ಸನದುಗಳು ದೇವರ ಮನೆಯ ಪೆಟ್ಟಿಗೆಯನ್ನು ಸೇರಿದವು; ನಕಲುಗಳು ಹುಟ್ಟಿದವು; ಇಲ್ಲದ ಪತ್ರ ಇದ್ದಂತೆ ತೋರಿಸುವ ಆಶೆಯೂ ಹುಟ್ಟಿತು. 1857–58ರಲ್ಲಿ ಈ ಪ್ರಾಂತದಲ್ಲಿ ಎದ್ದ ಅಸಂತೋಷಕ್ಕೆ ಇನಾಮಿನ ತನಿಖೆ, ದತ್ತಕದ ನಿರಾಕರಣೆ, ನಿಶ್ಶಸ್ತ್ರೀಕರಣ ಈ ಮೂರೂ ಕಾರಣಗಳೆಂದು ಇತಿಹಾಸಕಾರರು ಹೇಳಿದ್ದಾರೆ. ಮೊದಲಿನೆರಡು ಕಾಗದಕ್ಕೆ ಸಂಬಂಧಿಸಿದವು ಎಂಬುದು ಗಮನಾರ್ಹ. ನರಗುಂದದ ಭಾಸ್ಕರರಾವ್ ಭಾವೆಯವರಿಗೆ ದತ್ತಕದ ಅನುಮತಿ ದೊರೆಯದುದೇ 1858ರ ಮೇ ತಿಂಗಳ ಆ ದುರಂತಕ್ಕೆ ದಾರಿಯಾಯಿತು.

ಮುಂದೆ 1950ರ ಮುಂಬಯಿ ಪರಗಣಾ ಮತ್ತು ಕುಲಕರ್ಣಿ ವತನಗಳ ರದ್ದಿಯಾತಿ ಕಾಯದೆಯಿಂದ ದೇಸಾಯಿ, ದೇಶಪಾಂಡೆ, ಕುಲಕರ್ಣಿ ವತನಗಳು ಕೊನೆಗೊಂಡವು. ನೂರು ವರ್ಷ ಪೆಟ್ಟಿಗೆಯಲ್ಲಿ ಭದ್ರವಾಗಿದ್ದ ಕಾಗದಗಳಿಗೆ ವ್ಯವಹಾರದ ಬೆಲೆ ಹೋಯಿತು. ಪೆಟ್ಟಿಗೆ ದೇವರ ಮನೆಯಿಂದ ಅಟ್ಟಕ್ಕೆ ಏರಿತು. 1974ರಲ್ಲಿ ಭೂಸುಧಾರಣೆಯ ತಿದ್ದುಪಡಿ ಕಾಯದೆ ಜಾರಿಗೆ ಬಂದಾಗ ಮತ್ತೊಂದು ಪಲ್ಲಟವಾಯಿತು. ಗೇಣಿದಾರನು ಉಳುಮೆಯ ಹಕ್ಕನ್ನು ಭೂನ್ಯಾಯಮಂಡಳಿಯ ಮುಂದೆ ಸಾಧಿಸಬೇಕಾದಾಗ ಗೇಣಿಯ ಪಾವತಿ, ಕೋರುಪಾಲಿನ ಲೆಕ್ಕ ಇವು ದೊಡ್ಡ ಸನದಿಗಿಂತ ಮಹತ್ತ್ವದ ಸಾಕ್ಷಿಗಳಾದವು. ಒಂದೇ ಪೆಟ್ಟಿಗೆಯಲ್ಲಿ ಸನದು ನಿರರ್ಥಕವಾಗಿ, ಕೆಳಗೆ ಬಿದ್ದಿದ್ದ ಪಾವತಿಯ ಚೀಟಿ ಅರ್ಥಪೂರ್ಣವಾಯಿತು.

ಕಾಗದವಿಲ್ಲದ ಮನೆಗಳು

ಇಲ್ಲಿ ಇನ್ನೊಂದು ಮಾತನ್ನು ಹೇಳದಿದ್ದರೆ ವಿಚಾರ ಏಕಾಂತವಾಗುತ್ತದೆ. ಹಕ್ಕು ಇದ್ದವರಿಗೆ ಮಾತ್ರ ಹಕ್ಕಿನ ಪತ್ರ. ಮುಧೋಳ ಸಂಸ್ಥಾನದ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನು ಒಪ್ಪಿಸಲು ನಿರಾಕರಿಸಿ ಸರಕಾರದ ದಂಡನ್ನು ಎದುರಿಸಿದರು. ಊರು ಸುಟ್ಟಿತು. 19 ಜನರನ್ನು ಡಿಸೆಂಬರ್ ತಿಂಗಳಲ್ಲಿ ಗಲ್ಲಿಗೇರಿಸಿದರು. ಅವರಲ್ಲಿ 13 ಜನರನ್ನು ಮುಧೋಳದಲ್ಲಿ, 6 ಜನರನ್ನು ಹಲಗಲಿಯಲ್ಲಿಯೇ. ಈ ಪ್ರಸಂಗದ ಬಗೆಗೆ ಸರಕಾರದ ದಫ್ತರದಲ್ಲಿ ವರದಿಗಳಿವೆ. ಆದರೆ ಬೇಡರ ಮನೆಗಳಲ್ಲಿ ರುಮಾಲುಗಳಿರಲಿಲ್ಲ. ಇದ್ದುದೂ ಬೆಂಕಿಗೆ ಹೋಯಿತು. ಅವರ ಪಕ್ಷದ ಮಾತು ಉಳಿದುದು ಲಾವಣಿಯಲ್ಲಿ. ಶಾಸನತಜ್ಞ ಫ್ಲೀಟರು ಈ ಲಾವಣಿಯನ್ನು ಸಂಗ್ರಹಿಸಿ 1880ರ ದಶಕದಲ್ಲಿ ಇಂಡಿಯನ್ ಆಂಟಿಕ್ವರಿಯಲ್ಲಿ ಅಚ್ಚು ಮಾಡಿಸಿದರು. ಆಯುಧದ ಕಾಯದೆಯನ್ನು ಜಾರಿಗೊಳಿಸಿದ ಸರಕಾರದ ಸೇವೆಯಲ್ಲಿದ್ದ ಅಧಿಕಾರಿಯೊಬ್ಬನೇ ಅದನ್ನು ವಿರೋಧಿಸಿದವರ ಹಾಡನ್ನು ಉಳಿಸಿದುದು ವಿಚಿತ್ರವೆನಿಸಿದರೂ ಸತ್ಯ. ಕಾಗದಗಳನ್ನು ಮಾತ್ರ ಓದಿ ಸೀಮೆಯ ಇತಿಹಾಸ ಬರೆದರೆ ಅದು ವಾಡೆಗಳ ಇತಿಹಾಸವಾಗುತ್ತದೆ, ಊರಿನದಲ್ಲ.

ಆದರೂ ವಾಡೆಯ ಲೆಕ್ಕದ ಪತ್ರದಲ್ಲಿ ಊರು ಕಾಣಿಸಿಕೊಳ್ಳುವಷ್ಟು ಸನದಿನಲ್ಲಿ ಕಾಣಿಸಿಕೊಳ್ಳುವುದಿಲ್ಲ. ಸನದಿನಲ್ಲಿ ಇರುವುದು ಕೊಟ್ಟವನ ಹೆಸರು, ಪಡೆದವನ ಹೆಸರು, ಬಿರುದು. ಕೀರ್ದಿಯಲ್ಲಿ ಕಮ್ಮಾರನಿಗೆ ಕೊಟ್ಟ ಜೋಳ, ಬಿತ್ತನೆಗೆ ಕರೆದ ಆಳಿನ ಕೂಲಿ, ವಿಧವೆಯಾದ ಸೊಸೆಗೆ ಗೊತ್ತುಮಾಡಿದ ವರ್ಷದ ಕಾಳು, ಸಾಲಕ್ಕೆ ಒತ್ತೆಯಿಟ್ಟ ಬೆಳ್ಳಿಯ ಕಡಗ ಇವೆಲ್ಲ ಬರುತ್ತವೆ. ಭೂಮಿಯನ್ನು ಕೂರಿಗೆಯ ಲೆಕ್ಕದಿಂದ ಎಕರೆ, ಗುಂಟೆಯ ಲೆಕ್ಕಕ್ಕೆ ತಿರುಗಿಸಿದ ಮೋಜಣಿಯ ಕಾಲದಲ್ಲಿ ರೈತನು ಅದನ್ನು ಹೇಗೆ ಅರ್ಥಮಾಡಿಕೊಂಡನೆಂಬುದು ಮೋಜಣಿಯ ವರದಿಯಲ್ಲಿ ಸಿಗದು. ಎರಡೂ ಅಳತೆಗಳನ್ನು ಮಗ್ಗುಲಲ್ಲಿ ಬರೆದುಕೊಂಡ ಮನೆಯ ಪುಸ್ತಕದಲ್ಲಿ ಸಿಗಬಹುದು. 1876–78ರ ಮಹಾಕ್ಷಾಮದಲ್ಲಿ ಕಲಾದಗಿ ಜಿಲ್ಲೆ ಅತಿಯಾಗಿ ಬಳಲಿದ ಪ್ರದೇಶಗಳಲ್ಲಿ ಒಂದು. ಸರಕಾರದ ವರದಿಯಲ್ಲಿ ಒಟ್ಟು ಅಂಕಿಗಳಿವೆ. ಯಾವ ವಾರ ಜೋಳದ ಧಾರಣೆ ಏರಿತು, ಯಾವ ವಾರ ಎತ್ತು ಮಾರಿದರು, ಯಾವ ಗೇಣಿದಾರನ ಹೆಸರು ಆ ವರ್ಷದಿಂದ ಮುಂದೆ ಪುಸ್ತಕದಲ್ಲಿ ಕಾಣದಾಯಿತು ಎಂಬುದನ್ನು ಹೇಳಬಲ್ಲದು ಖಾತೆಪುಸ್ತಕವೊಂದೇ. ಅದನ್ನು ಬರೆದವನು ಇತಿಹಾಸಕ್ಕಾಗಿ ಬರೆಯಲಿಲ್ಲ, ಹಿರಿಮೆಗಾಗಿ ಬರೆಯಲಿಲ್ಲ. ನಾಳೆ ಲೆಕ್ಕ ತಪ್ಪಬಾರದೆಂದು ಬರೆದನು. ಅದರಲ್ಲಿಯೂ ಸಾಹುಕಾರನ ಪಕ್ಷಪಾತ ಇರಬಹುದು. ಆದರೆ ಅವನ ಎದುರಿಗೆ ನಾವು, ಎಂದರೆ ಮುಂದಿನ ಓದುಗರು, ಇರಲಿಲ್ಲ. ಅವನ ನಿರುದ್ದೇಶವೇ ನಮಗೆ ಪ್ರಮಾಣ.

ಈಗಿನ ಸ್ಥಿತಿ

ದುರ್ದೈವದಿಂದ ಮೊದಲು ನಾಶವಾಗುವುದು ಇದೇ ವರ್ಗ. ಫರ್ಮಾನನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರಿದ್ದಾರೆ. ಕೀರ್ದಿಯನ್ನು ರದ್ದಿಯವನಿಗೆ ತೂಕಕ್ಕೆ ಹಾಕುತ್ತಾರೆ. ಮಣ್ಣಿನ ಮೇಲ್ಮುದ್ದೆಯ ಮಾಳಿಗೆ ಕೆಡವಿ ಆರ್‌ಸಿಸಿ ಮನೆ ಕಟ್ಟುವಾಗ ಅಟ್ಟದ ಗಂಟುಗಳು ಹೊರಬೀಳುತ್ತವೆ. ಆಲಮಟ್ಟಿ ಜಲಾಶಯದ ಹಿನ್ನೀರಿನಿಂದ ಹಳೆಯ ಬಾಗಲಕೋಟೆಯ ಬಹುಭಾಗ, ಬೀಳಗಿ ತಾಲೂಕಿನ ಅನೇಕ ಹಳ್ಳಿಗಳು ಸ್ಥಳಾಂತರಗೊಂಡವು. ಬಸದಿ, ಗುಡಿ, ಶಾಸನಗಳ ಬಗೆಗೆ ಅಂಥ ಸಮಯದಲ್ಲಿ ಯೋಚಿಸುವವರುಂಟು. ತಲೆಮೇಲೆ ಹೊತ್ತೊಯ್ಯಬೇಕಾದ ಸಾಮಾನುಗಳಲ್ಲಿ ಹಳೆಯ ಕಾಗದದ ಗಂಟಿಗೆ ಕೊನೆಯ ಸ್ಥಾನ.

ವ್ಯವಸ್ಥೆಯಲ್ಲಿಯೂ ಒಂದು ತೆರಪು ಇದೆ. 2003ರಲ್ಲಿ ಆರಂಭವಾದ ರಾಷ್ಟ್ರೀಯ ಹಸ್ತಪ್ರತಿ ಅಭಿಯಾನವು ಕನಿಷ್ಠ 75 ವರ್ಷ ಹಳೆಯದಾದ ಕೈಬರಹದ ಕೃತಿಯನ್ನು ಹಸ್ತಪ್ರತಿಯೆಂದು ಪರಿಗಣಿಸಿ, ಶಾಸನ, ಫರ್ಮಾನು, ಕಂದಾಯದ ದಾಖಲೆಗಳನ್ನು ಅದರಿಂದ ಬೇರೆಯಾಗಿಸಿತು. ಸರಕಾರಿ ಪತ್ರಾಗಾರಗಳ ಮುಖ್ಯ ಹೊಣೆ ಸರಕಾರದ ದಾಖಲೆ. ಮನೆಯ ಕೀರ್ದಿ ಅಲ್ಲಿ ಗ್ರಂಥವಲ್ಲ, ಇಲ್ಲಿ ಸರಕಾರದ್ದಲ್ಲ. 1972ರ ಪ್ರಾಚ್ಯವಸ್ತು ಕಾಯದೆಯು 75 ವರ್ಷ ದಾಟಿದ ಐತಿಹಾಸಿಕ ಮಹತ್ತ್ವದ ದಾಖಲೆಗಳನ್ನೂ ಪ್ರಾಚ್ಯವಸ್ತುವೆಂದು ಗಣಿಸುತ್ತದೆ. ಆದರೆ ಅದು ಕಾಗದ ವಿದೇಶಕ್ಕೆ ಹೋಗುವುದನ್ನು ತಡೆಯಬಲ್ಲದು, ಗೆದ್ದಲಿಗೆ ಹೋಗುವುದನ್ನು ತಡೆಯಲಾರದು.

ಕನ್ನಡ ಇತಿಹಾಸ ರಚನೆಯ ಒಲವೂ ಇದಕ್ಕೆ ಸ್ವಲ್ಪಮಟ್ಟಿಗೆ ಕಾರಣ. ಮರಾಠಿಯಲ್ಲಿ ವಿ. ಕಾ. ರಾಜವಾಡೆಯವರು ಮನೆಮನೆ ತಿರುಗಿ ಕಾಗದ ಕೂಡಿಸಿ 1898ರಿಂದ ಸಂಪುಟಗಳಾಗಿ ಅಚ್ಚು ಹಾಕಿಸಿದರು. 1910ರಲ್ಲಿ ಪುಣೆಯಲ್ಲಿ ಭಾರತ ಇತಿಹಾಸ ಸಂಶೋಧಕ ಮಂಡಳ ಹುಟ್ಟಿತು. ಧಾರವಾಡದಲ್ಲಿ ಆಲೂರ ವೆಂಕಟರಾಯರ ಪ್ರಯತ್ನದಿಂದ 1914ರಲ್ಲಿ ಕರ್ನಾಟಕ ಇತಿಹಾಸ ಸಂಶೋಧನ ಮಂಡಳ ಹುಟ್ಟಿದರೂ ನಮ್ಮವರ ಗಮನ ಬಹುಮಟ್ಟಿಗೆ ಶಿಲಾಶಾಸನಗಳ ಕಡೆಗೆ, ಓಲೆಗರಿಗಳ ಕಡೆಗೆ ಹರಿಯಿತು. ಅದರ ಫಲವನ್ನು ಅಲ್ಲಗಳೆಯುವಂತಿಲ್ಲ. ಆದರೆ 1565ರಿಂದ ಈಚಿನ ಉತ್ತರ ಕರ್ನಾಟಕದ ಜನಜೀವನಕ್ಕೆ ಶಾಸನಗಳು ಸಾಲವು. ಅಲ್ಲಿ ಕಾಗದವೇ ಶಾಸನ. ಅದನ್ನು ಓದಬಲ್ಲ, ಮೋಡಿಯನ್ನೂ ಕನ್ನಡವನ್ನೂ ಸಮನಾಗಿ ಬಲ್ಲವರು ಬೆರಳೆಣಿಕೆಯಷ್ಟಾಗಿದ್ದಾರೆ.

ಕೆಲವು ಸೂಚನೆಗಳು

ಇಂಥ ಗಂಟುಗಳಿರುವ ಮನೆಯವರು ಅವನ್ನು ಕೂಡಲೇ ಯಾವುದಾದರೂ ಸಂಸ್ಥೆಗೆ ಕೊಟ್ಟುಬಿಡಬೇಕೆಂದು ನಮ್ಮ ಆಗ್ರಹವಿಲ್ಲ. ಮೊದಲು ಮಾಡಬೇಕಾದುದು, ಗಂಟನ್ನು ಗಂಟಾಗಿಯೇ ಉಳಿಸುವುದು. ಸುಂದರವಾದ ಮುದ್ರೆಯ ಪತ್ರವನ್ನು ಆರಿಸಿ ತೆಗೆದು ಉಳಿದುದನ್ನು ಎಸೆದರೆ ಎರಡೂ ಕೆಡುತ್ತವೆ. ಯಾವ ಸನದು ಯಾವ ತಕರಾರಿನ ಕಾಗದದ ಮಗ್ಗುಲಲ್ಲಿತ್ತು ಎಂಬುದೇ ಅದರ ಪುಷ್ಪಿಕೆ. ಎರಡನೆಯದು, ಪ್ರತಿ ಗಂಟಿಗೂ ಹಾಳೆಗಳ ಸಂಖ್ಯೆ, ಲಿಪಿ, ಕಾಣುವ ಹೆಸರುಗಳು, ತಾರೀಖು ಇವನ್ನು ಬರೆದ ಒಂದು ಯಾದಿ. ಪಂಡಿತ ಕೆ. ಭುಜಬಲಿ ಶಾಸ್ತ್ರಿಗಳು 1948ರಲ್ಲಿ ಪ್ರಕಟಿಸಿದ ತಾಡಪತ್ರೀಯ ಗ್ರಂಥಸೂಚಿಯು ನಮ್ಮ ಭಂಡಾರಗಳಿಗೆ ಮಾಡಿದ ಉಪಕಾರವನ್ನು ನೆನೆದರೆ ಯಾದಿಯ ಬೆಲೆ ತಿಳಿಯುತ್ತದೆ. ಮೂರನೆಯದು, ನೆರಳಿನ ಬೆಳಕಿನಲ್ಲಿ, ಕ್ರಮ ಕೆಡದಂತೆ ಛಾಯಾಚಿತ್ರ ತೆಗೆದಿಡುವುದು. ಇಂದು ಮೊಬೈಲ್ ಫೋನಿನಿಂದಲೂ ಇದು ಸಾಧ್ಯ. ನಾಲ್ಕನೆಯದು, ಓಲೆಗರಿಗೆ ಹಚ್ಚುವ ನಿಂಬೆಹುಲ್ಲಿನ ಎಣ್ಣೆಯನ್ನು ಕಾಗದಕ್ಕೆ ಹಚ್ಚಕೂಡದು. ಹರಿದಲ್ಲಿ ಅಂಟುಪಟ್ಟಿ ಹಾಕಕೂಡದು. ತೊಳೆದ ಹತ್ತಿಯ ಅರಿವೆ, ಒಣಗಿದ ಸ್ಥಳ, ಬಜೆಯ ಪುಡಿಯ ಸಣ್ಣ ಚೀಲ ಇಷ್ಟಿದ್ದರೆ ಸಾಮಾನ್ಯ ರಕ್ಷಣೆಗೆ ಸಾಕು. ಇಷ್ಟಾದಮೇಲೆ ಧಾರವಾಡದ ಕನ್ನಡ ಅಧ್ಯಯನ ಪೀಠ, ರಾಜ್ಯ ಪತ್ರಾಗಾರ ಮೊದಲಾದ ಕಡೆ ತೋರಿಸಿ, ಮೂಲವನ್ನು ಕೊಡಬೇಕೋ ನಕಲನ್ನೋ ಎಂಬುದನ್ನು ಮನೆಯವರು ಕೂಡಿ ನಿರ್ಧರಿಸಬಹುದು.

ಜ್ಯೇಷ್ಠ ಶುದ್ಧ ಪಂಚಮಿಯ ದಿನ, ಶ್ರುತಪಂಚಮಿಯಂದು, ಬಸದಿಗಳಲ್ಲಿ, ಮನೆಗಳಲ್ಲಿ ಗ್ರಂಥಗಳನ್ನು ಹೊರತೆಗೆದು, ಧೂಳು ಒರೆಸಿ, ಹೊಸ ಅರಿವೆಯಲ್ಲಿ ಕಟ್ಟುವ ಪದ್ಧತಿ ಇದೆ. ನಮ್ಮ ಓಲೆಗ್ರಂಥಗಳು ಶತಮಾನಗಳನ್ನು ದಾಟಿ ಬಂದುದರಲ್ಲಿ ಈ ವರ್ಷಕ್ಕೊಮ್ಮೆಯ ಬಿಚ್ಚಿ ಕಟ್ಟುವಿಕೆಯ ಪಾಲು ದೊಡ್ಡದು. ಪೆಟ್ಟಿಗೆ ತೆರೆದ ಆ ದಿನ ಗ್ರಂಥದ ಮಗ್ಗುಲಲ್ಲಿರುವ ರುಮಾಲನ್ನೂ ಬಿಚ್ಚಿ ಗಾಳಿಗೆ ಇಡಲು ಹೆಚ್ಚಿನ ಶ್ರಮವಿಲ್ಲ. ಗ್ರಂಥದೊಡನೆ ಅದಕ್ಕೆ ಪೂಜೆ ಸಲ್ಲಬೇಕಾಗಿಲ್ಲ. ಒಂದು ಹೊಸ ಅರಿವೆ, ಒಂದು ಯಾದಿ ಸಂದರೆ ಸಾಕು.